ಗುತ್ತಿಗೆಗೆ ಕೊಡಲಾಗದ ಹೊಣೆ

ಹಿಂಸೆಯೆಂದರೆ ಕೇವಲ ಕೊಲ್ಲುವುದಲ್ಲ ಎಂಬುದು ಜೈನ ಧರ್ಮವು ಲೋಕಕ್ಕೆ ನೀಡಿದ ಸೂಕ್ಷ್ಮವಾದ ತಿಳಿವುಗಳಲ್ಲಿ ಒಂದು. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣವನ್ನು ನಿರೂಪಿಸುವಾಗ ಪ್ರಾಣಹರಣಕ್ಕೂ ಮೊದಲು ಪ್ರಮಾದವನ್ನು ಇರಿಸಿದರು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಈ ತತ್ತ್ವವನ್ನು ಇನ್ನಷ್ಟು ಬಿಡಿಸಿದರು. ಎಚ್ಚರದಿಂದ ನಡೆಯುವವನ ಕಾಲಡಿಯಲ್ಲಿ ಒಂದು ಜೀವಿ ಅಕಸ್ಮಾತ್ತಾಗಿ ಸತ್ತರೂ ಅವನಿಗೆ ಹಿಂಸೆಯ ದೋಷ ತಟ್ಟದು. ಎಚ್ಚರಗೆಟ್ಟು ನಡೆಯುವವನಿಗೆ ಒಂದು ಜೀವಿಯೂ ಸಾಯದಿದ್ದರೂ ದೋಷ ತಪ್ಪದು ಎಂಬುದು ಅವರ ನಿರ್ಣಯ. ಫಲವನ್ನು ನೋಡಿ ಕರ್ಮವನ್ನು ಅಳೆಯುವ ಲೋಕರೂಢಿಗೆ ಇದು ತೀರ ವಿರುದ್ಧವಾದ ಮಾತು. ಆದರೆ ಈ ಮಾತಿನ ಬೆಳಕಿನಲ್ಲಿ ಮಾತ್ರ ಅರ್ಥವಾಗುವ ಒಂದು ವ್ಯವಹಾರ ಇಂದು ಪ್ರತಿಯೊಂದು ಮನೆಯ ಗೋಡೆಯೊಳಗೂ ಪ್ರತಿಯೊಂದು ಬಸದಿಯ ಪ್ರಾಕಾರದಲ್ಲಿಯೂ ನಡೆದಿದೆ. ಅದು ವಿದ್ಯುತ್ತಿನ ಕೆಲಸ.

ಆಚಾರ್ಯರ ಕಾಲದಲ್ಲಿ ವಿದ್ಯುತ್ತೆಂದರೆ ಮೋಡದ ಮಿಂಚು. ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಯಲ್ಲಿ ದೀಪ ಹೊತ್ತಿತು. ಅಂದಿನಿಂದ ಇಂದಿನವರೆಗೆ ಶ್ರಾವಕಾಚಾರದ ಯಾವ ಗ್ರಂಥವೂ ತಂತಿಯ ಕುರಿತು ವಿಧಿ ಬರೆದಿಲ್ಲ. ಹಾಗೆಂದು ಶ್ರಾವಕನಿಗೆ ವಿಧಿಯೇ ಇಲ್ಲವೆಂದಲ್ಲ. ವಿಧಿ ಇದೆ, ಅದನ್ನು ಓದಿಕೊಳ್ಳುವ ಅಭ್ಯಾಸವಿಲ್ಲ.

ಬೆಂಗಳೂರಿನ ಪಶ್ಚಿಮದಲ್ಲಿರುವ ರಾಜರಾಜೇಶ್ವರಿನಗರವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಮೈಸೂರು ರಸ್ತೆಯ ಕಮಾನಿನಿಂದ ಒಳಗೆ ಹೋದರೆ ಬೆಮಲ್ ಬಡಾವಣೆ, ಐಡಿಯಲ್ ಹೋಮ್ಸ್ ಮೊದಲಾದ ಬಡಾವಣೆಗಳು ಸಿಗುತ್ತವೆ. ಪಟ್ಟಣಗೆರೆ ನಗರಸಭೆಗೆ ಸೇರಿದ್ದ ಈ ಪ್ರದೇಶ 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಬಂತು. ಒಂದಂತಸ್ತಿನ ಮನೆಗಳಿದ್ದ ನಿವೇಶನಗಳಲ್ಲಿ ಮೂರು ನಾಲ್ಕು ಅಂತಸ್ತುಗಳು ಎದ್ದವು. ಹಳೆಯ ಮನೆಗೆಂದು ಎಳೆದ ತಂತಿಯ ಮೇಲೆ ಹವಾನಿಯಂತ್ರಕ, ನೀರು ಕಾಯಿಸುವ ಗೀಸರ್, ಕೊಳವೆ ಬಾವಿಯ ಪಂಪು, ಈಚೆಗೆ ವಾಹನಕ್ಕೆ ವಿದ್ಯುತ್ತು ತುಂಬುವ ಸಾಧನ ಇವೆಲ್ಲ ಬಂದು ಕುಳಿತವು. 2021ರ ಆಗಸ್ಟ್‌ನಲ್ಲಿ ಕೆಂಗೇರಿಯವರೆಗೆ ವಿಸ್ತರಣೆಯಾದ ನಮ್ಮ ಮೆಟ್ರೊ ಮಾರ್ಗದಲ್ಲಿ ಈ ಬಡಾವಣೆಯ ಹೆಸರಿನ ನಿಲ್ದಾಣವೂ ಇದೆ. ಅಲ್ಲಿ ರೈಲಿನ ಪಕ್ಕದ ಮೂರನೆಯ ಹಳಿಯಲ್ಲಿ 750 ವೋಲ್ಟಿನ ವಿದ್ಯುತ್ತು ಹರಿಯುತ್ತಿರುತ್ತದೆ. ಅದರ ಹತ್ತಿರ ಯಾರು ಹೋಗಬಹುದು, ಯಾವಾಗ ಹೋಗಬಹುದು, ಹೋಗುವ ಮೊದಲು ಯಾರ ಅನುಮತಿ ಬೇಕು ಎಂಬುದೆಲ್ಲ ಲಿಖಿತವಾಗಿ ನಿಗದಿಯಾಗಿರುವುದರಿಂದಲೇ ಸಾವಿರಾರು ಜನ ನಿರ್ಭಯವಾಗಿ ಪ್ರಯಾಣ ಮಾಡುತ್ತಾರೆ. ಅದೇ ಪ್ರಯಾಣಿಕನು ಇಳಿದು ಮನೆಗೆ ಬಂದರೆ, ಅಲ್ಲಿಯ 230 ವೋಲ್ಟಿನ ತಂತಿಯನ್ನು ಯಾರು ಎಳೆದರೆಂಬುದು ಅವನಿಗೆ ಗೊತ್ತಿರುವುದಿಲ್ಲ.

ಮನೆ ಕಟ್ಟಿಸುವ ಒಬ್ಬ ಗೃಹಸ್ಥನನ್ನು ಊಹಿಸಿಕೊಳ್ಳೋಣ. ಅವನು ನೀರನ್ನು ಸೋಸಿ ಕುಡಿಯುವವನು, ಸೂರ್ಯಾಸ್ತದ ಅನಂತರ ಉಣ್ಣದವನು, ಅಷ್ಟಮಿ ಚತುರ್ದಶಿಗಳನ್ನು ತಪ್ಪದೆ ಆಚರಿಸುವವನು. ಅವನು ಕಟ್ಟಡವನ್ನು ಮೇಸ್ತ್ರಿಗೆ ವಹಿಸುತ್ತಾನೆ. ಮೇಸ್ತ್ರಿಯು ವಿದ್ಯುತ್ತಿನ ಕೆಲಸವನ್ನು ಪರಿಚಯದವನೊಬ್ಬನಿಗೆ ವಹಿಸುತ್ತಾನೆ. ಅವನು ಊರಿನಿಂದ ಈಗತಾನೆ ಬಂದ ಹುಡುಗನೊಬ್ಬನ ಕೈಗೆ ಉಳಿ, ಸುತ್ತಿಗೆ, ತಂತಿಯ ಸುರುಳಿಗಳನ್ನು ಕೊಟ್ಟು ಮತ್ತೊಂದು ಕಟ್ಟಡಕ್ಕೆ ಹೋಗುತ್ತಾನೆ. ಕೆಲಸ ಮುಗಿದ ಮೇಲೆ ಬೆಸ್ಕಾಂ ಕಚೇರಿಗೆ ಸಲ್ಲಿಸಬೇಕಾದ ಕಾಗದಗಳಿಗೆ ಪರವಾನಗಿ ಪಡೆದ ಗುತ್ತಿಗೆದಾರನ ಸಹಿ ಬೇಕಾಗುತ್ತದೆ. ಆ ಕಟ್ಟಡದ ಬಾಗಿಲನ್ನೇ ಕಾಣದ ಪರವಾನಗಿದಾರನಿಂದ ಹಣ ಕೊಟ್ಟು ಸಹಿ ಮಾಡಿಸಿ ತರುವುದು, ನಗರದಲ್ಲಿ ಮನೆ ಕಟ್ಟಿಸಿದವರು ಕೇಳದ ಸಂಗತಿಯೇನೂ ಅಲ್ಲ.

ಕಾನೂನು ಇದಕ್ಕೆ ಏನನ್ನು ಹೇಳುತ್ತದೆಂಬುದನ್ನು ತಿಳಿಯುವುದು ಕಷ್ಟವಲ್ಲ. 1956ರ ಭಾರತೀಯ ವಿದ್ಯುತ್ ನಿಯಮಗಳ 45ನೆಯ ನಿಯಮ, 2003ರ ವಿದ್ಯುತ್ ಕಾಯಿದೆ ಬಂದ ಮೇಲೆ ಕೇಂದ್ರ ವಿದ್ಯುತ್ ಪ್ರಾಧಿಕಾರವು 2010ರಲ್ಲಿ ಹೊರಡಿಸಿದ ಸುರಕ್ಷತಾ ನಿಯಮಾವಳಿ, ಅದರ ಸ್ಥಾನಕ್ಕೆ 2023ರಲ್ಲಿ ಬಂದ ನಿಯಮಾವಳಿ ಇವುಗಳಲ್ಲಿ ಒಂದೇ ಸೂತ್ರ ಹರಿದುಬಂದಿದೆ. ದೀಪ, ಫ್ಯಾನು, ಫ್ಯೂಸು, ಸ್ವಿಚ್ಚುಗಳನ್ನು ಬದಲಿಸುವಂತಹ ಸಣ್ಣ ಕೆಲಸಗಳನ್ನು ಬಿಟ್ಟರೆ, ಹೊಸ ವೈರಿಂಗ್ ಆಗಲಿ ಹಳೆಯದಕ್ಕೆ ಸೇರ್ಪಡೆಯಾಗಲಿ ದುರಸ್ತಿಯಾಗಲಿ, ರಾಜ್ಯ ಸರ್ಕಾರದಿಂದ ಪರವಾನಗಿ ಪಡೆದ ಗುತ್ತಿಗೆದಾರನ ಮೂಲಕವೇ ಆಗಬೇಕು. ಅರ್ಹತಾಪತ್ರವುಳ್ಳ ಮೇಲ್ವಿಚಾರಕನು ಅದನ್ನು ನೇರವಾಗಿ ನೋಡಿಕೊಳ್ಳಬೇಕು. ಕೈಯಿಂದ ಕೆಲಸ ಮಾಡುವವನಲ್ಲಿ ಪರ್ಮಿಟ್ ಇರಬೇಕು. ಕರ್ನಾಟಕದಲ್ಲಿ ಈ ಪರವಾನಗಿ, ಪರ್ಮಿಟ್ಟುಗಳು ವಿದ್ಯುತ್ ಪರಿವೀಕ್ಷಣಾಲಯದ ಆಡಳಿತಕ್ಕೆ ಸೇರಿದವು. ಗುತ್ತಿಗೆದಾರ, ಮೇಲ್ವಿಚಾರಕ, ಕೆಲಸಗಾರ ಎಂಬ ಮೂವರನ್ನೂ ಬೇರೆ ಬೇರೆಯಾಗಿ ಹೆಸರಿಸಿರುವುದರಲ್ಲಿ ಅರ್ಥವಿದೆ. ಒಬ್ಬನ ಕಣ್ಣು ತಪ್ಪಿದರೆ ಇನ್ನೊಬ್ಬನ ಕಣ್ಣು ಇರಲಿ ಎಂಬುದೇ ಅದರ ಆಶಯ. ಸಹಿಯನ್ನು ಕೊಂಡು ತಂದಾಗ ಈ ಮೂರು ಕಣ್ಣುಗಳೂ ಒಟ್ಟಿಗೆ ಮುಚ್ಚುತ್ತವೆ.

ಅಂತಹ ಸಹಿಗೆ ಶಾಸ್ತ್ರದಲ್ಲಿ ಹೆಸರಿದೆ. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಒಂದು. ಇಲ್ಲದ್ದನ್ನು ಇದೆಯೆಂದು ಬರೆದುಕೊಡುವುದು ಅದರ ಅರ್ಥ. ಪರೀಕ್ಷಿಸದ ವೈರಿಂಗನ್ನು ಪರೀಕ್ಷಿಸಿದೆನೆಂದು ಬರೆದ ಕಾಗದ ಅದಲ್ಲದೆ ಬೇರೇನು? ಅಚೌರ್ಯವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವೂ ಉಂಟು. ರಾಜ್ಯದ ನ್ಯಾಯವಾದ ಕಟ್ಟಳೆಯನ್ನು ಮೀರುವುದು ಕೇವಲ ದಂಡಕ್ಕೆ ಸಂಬಂಧಿಸಿದ ವಿಷಯವೆಂದು ಪೂರ್ವಿಕರು ಭಾವಿಸಲಿಲ್ಲ, ವ್ರತದ ಮಲಿನತೆಯೆಂದೇ ಎಣಿಸಿದರು. ಜಕಾತಿಯ ವಿಷಯದಲ್ಲಿ ಈ ಅತಿಚಾರವನ್ನು ನೆನೆಯುವ ವ್ಯಾಪಾರಿಗಳು ಅರ್ತಿಂಗ್ ವಿಷಯದಲ್ಲಿ ಅದನ್ನು ನೆನೆಯುವುದು ಅಪರೂಪ.

ಇಲ್ಲಿ ಗೃಹಸ್ಥನು ಒಂದು ಆಕ್ಷೇಪವನ್ನು ಎತ್ತಬಹುದು. ತಾನು ತಂತಿಯನ್ನು ಮುಟ್ಟಲಿಲ್ಲ. ವಿದ್ಯೆ ತನಗೆ ಬಾರದು. ಬಲ್ಲವನೆಂದು ನಂಬಿ ಹಣ ಕೊಟ್ಟೆ. ಮುಂದಿನದು ಅವನ ಪಾಪ ಎಂದು. ಈ ಆಕ್ಷೇಪ ದುರ್ಬಲವಾದುದಲ್ಲ. ವೈದ್ಯನನ್ನು ನಂಬುವವನು ವೈದ್ಯಶಾಸ್ತ್ರವನ್ನು ಕಲಿಯಬೇಕಾಗಿಲ್ಲವಷ್ಟೆ. ಆದರೆ ವೈದ್ಯನೆಂದು ನಂಬುವ ಮೊದಲು ಅವನು ವೈದ್ಯನೇ ಎಂದು ಕೇಳಬೇಕು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಆಸ್ರವದ ಅಧಿಕರಣಗಳ ಲೆಕ್ಕವಿದೆ. ಸಂರಂಭ, ಸಮಾರಂಭ, ಆರಂಭ ಎಂಬ ಮೂರು; ಮನಸ್ಸು, ಮಾತು, ಕಾಯ ಎಂಬ ಮೂರು; ಕೃತ, ಕಾರಿತ, ಅನುಮತ ಎಂಬ ಮೂರು; ಕ್ರೋಧ, ಮಾನ, ಮಾಯಾ, ಲೋಭಗಳೆಂಬ ನಾಲ್ಕು. ಇವನ್ನು ಗುಣಿಸಿದರೆ 108. ಜಪಮಾಲೆಯ ಮಣಿಗಳನ್ನು ಎಣಿಸುವಾಗ ಈ ಗುಣಾಕಾರವನ್ನು ಸ್ಮರಿಸುವ ರೂಢಿ ಇದೆ. ಅವುಗಳಲ್ಲಿ ಮೂರನೆಯ ಒಂದು ಭಾಗ ಮಾತ್ರ ತಾನೇ ಮಾಡಿದ್ದು. ಉಳಿದ 72 ಬಗೆಗಳು ಮಾಡಿಸಿದ್ದು ಮತ್ತು ಒಪ್ಪಿದ್ದು. ವ್ಯಾಪಾರಿಗೆ ಈ ಲೆಕ್ಕ ಬೇಗ ಅರ್ಥವಾಗಬೇಕು. ಸಹಿ ಯಾರದಾದರೂ ಸಾಲ ಯಾರ ಖಾತೆಗೆ ಬೀಳುತ್ತದೆಂಬುದು ಅವನಿಗೆ ತಿಳಿಯದ್ದಲ್ಲ. ಕೆಲಸವನ್ನು ಗುತ್ತಿಗೆಗೆ ಕೊಡಬಹುದು, ಕಾರಿತದ ಭಾಗವನ್ನು ಗುತ್ತಿಗೆಗೆ ಕೊಡಲು ಬರುವುದಿಲ್ಲ. ಪರ್ಮಿಟ್ ತೋರಿಸೆಂದು ಕೇಳಲು ವಿದ್ಯುಚ್ಛಾಸ್ತ್ರ ಬೇಕಿಲ್ಲ, ಬಾಯಿ ಸಾಕು. ಕೇಳದಿರುವುದಕ್ಕೆ ಕಾರಣವನ್ನು ಒಳಗೆ ಹುಡುಕಿದರೆ ಬಹುಮಟ್ಟಿಗೆ ಲೋಭವೇ ಸಿಗುತ್ತದೆ. ಪರ್ಮಿಟ್ ಉಳ್ಳವನ ಕೂಲಿ ಹೆಚ್ಚು.

ಲೌಕಿಕ ಕಾನೂನು ಸಹ ಈ ದಾರಿಯಲ್ಲೇ ಹೆಜ್ಜೆ ಹಾಕಿದೆ. 1923ರಲ್ಲಿ ಬಂದ ಕಾರ್ಮಿಕರ ಪರಿಹಾರ ಕಾಯಿದೆಯು, ತನ್ನ ಉದ್ಯಮದ ಕೆಲಸವನ್ನು ಗುತ್ತಿಗೆದಾರನಿಗೆ ವಹಿಸಿದ ಯಜಮಾನನೂ ಆ ಗುತ್ತಿಗೆದಾರನ ಆಳಿಗೆ ಪರಿಹಾರ ಕೊಡಲು ಬಾಧ್ಯನೆಂಬ ತತ್ತ್ವವನ್ನು ಅಂದೇ ಅಂಗೀಕರಿಸಿತ್ತು.

ವಿದ್ಯುತ್ತು ಕೊಲ್ಲುವ ಬಗೆಯನ್ನು ಸ್ವಲ್ಪ ತಿಳಿದುಕೊಂಡರೆ ಪ್ರಮಾದದ ಸ್ವರೂಪ ಇನ್ನಷ್ಟು ಸ್ಪಷ್ಟವಾಗುತ್ತದೆ. ಫ್ಯೂಸು ಇದೆ, ಆದ್ದರಿಂದ ಭಯವಿಲ್ಲ ಎಂಬುದು ಮನೆಮನೆಯ ನಂಬಿಕೆ. ಫ್ಯೂಸು ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ಒಂದು 60 ವಾಟಿನ ಹಳೆಯ ಬಲ್ಬು ಉರಿಯಲು ಸುಮಾರು 260 ಮಿಲಿಆಂಪಿಯರ್ ಬೇಕು. ಅದರ ಒಂದು ಸಣ್ಣ ಪಾಲು ಎದೆಯ ಮೂಲಕ ಹಾದರೆ ಹೃದಯದ ಲಯ ಕೆಡಬಹುದು. ಆದುದರಿಂದಲೇ ಮನುಷ್ಯರನ್ನು ಕಾಯಲು ಇಡುವ ಭೂಸೋರಿಕೆ ರಕ್ಷಕ ಸಾಧನವು, ಅಂದರೆ ಪೇಟೆಯಲ್ಲಿ ಆರ್‌ಸಿಸಿಬಿ ಎಂದೋ ಹಳಬರ ಬಾಯಲ್ಲಿ ಇಎಲ್‌ಸಿಬಿ ಎಂದೋ ಕರೆಸಿಕೊಳ್ಳುವ ಸ್ವಿಚ್ಚು, 30 ಮಿಲಿಆಂಪಿಯರ್ ಸೋರುವಷ್ಟರಲ್ಲಿ ಕಡಿದುಕೊಳ್ಳುವಂತೆ ತಯಾರಾಗುತ್ತದೆ. 15 ಆಂಪಿಯರಿನ ಫ್ಯೂಸು ಕರಗಬೇಕಾದರೆ ಅದರ 500 ಪಟ್ಟಿಗಿಂತ ಹೆಚ್ಚು ಹರಿಯಬೇಕು. ಅಷ್ಟರಲ್ಲಿ ಮುಟ್ಟಿದವನು ಇರುವುದಿಲ್ಲ. ಮೂರು ಕಾಲಿನ ಪ್ಲಗ್ಗಿನ ದಪ್ಪ ಕಾಲು ಭೂಮಿಗೆ ಸೇರಿದ್ದು. ಗೀಸರಿನ ಲೋಹದ ಮೈಗೆ ವಿದ್ಯುತ್ತು ತಗುಲಿದರೆ ಅದು ಸ್ನಾನ ಮಾಡುವವರ ಮೈಗೆ ಹಾಯುವ ಮೊದಲು ನೆಲಕ್ಕೆ ಇಳಿದುಹೋಗಲಿ ಎಂದು ಮಾಡಿದ ದಾರಿ. ಅಂಗಳದಲ್ಲಿ ಅರ್ತ್ ಗುಂಡಿಯನ್ನು ತೋಡದೆ, ಗೋಡೆಯಲ್ಲಿ ಮೂರು ತೂತಿನ ಸಾಕೆಟ್ಟನ್ನು ಮಾತ್ರ ಕೂರಿಸಿದ ಮನೆಗಳೂ ಉಂಟು. ಆ ಮೂರನೆಯ ತೂತು ಅಲಂಕಾರಕ್ಕಲ್ಲ.

ಇಂತಹ ಕೆಲಸವನ್ನು ನೋಡುವಾಗ ಆರನೆಯ ಅಧ್ಯಾಯದ ಮತ್ತೊಂದು ವಿಚಾರ ನೆನಪಾಗದಿರದು. ಅಜೀವಾಧಿಕರಣದಲ್ಲಿ ನಿಕ್ಷೇಪವೆಂಬುದೊಂದು, ಅಂದರೆ ವಸ್ತುವನ್ನು ಇಡುವುದು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅದಕ್ಕೆ ನಾಲ್ಕು ಬಗೆಗಳನ್ನು ಹೇಳಿದ್ದಾರೆ. ಕಣ್ಣಿನಿಂದ ನೋಡದೆ ಇಡುವುದು, ಸರಿಯಾಗಿ ಒರೆಸದೆ ಇಡುವುದು, ಅವಸರದಲ್ಲಿ ಇಡುವುದು, ಇಡಬಾರದೆಡೆಯಲ್ಲಿ ಗಮನವಿಲ್ಲದೆ ಇಡುವುದು. ಕಮಂಡಲು ಪಿಂಛಿಗಳ ವಿಷಯದಲ್ಲಿ ಹುಟ್ಟಿದ ಈ ವಿವೇಕವನ್ನು ತಂತಿಗೆ ಅನ್ವಯಿಸಿ ನೋಡಬೇಕು. ಗೋಡೆಯೊಳಗೆ ಹಳೆಯ ತಂತಿ ಎಲ್ಲಿ ಹಾದಿದೆಯೆಂದು ನೋಡದೆ ಮೊಳೆ ಹೊಡೆಯುವುದು; ತಾಮ್ರದ ಎಳೆಗಳನ್ನು ಶುಚಿ ಮಾಡಿ ಬಿಗಿಯದೆ, ತಿರುಚಿ ಟೇಪು ಸುತ್ತಿಬಿಡುವುದು; ಗೃಹಪ್ರವೇಶದ ಮುಹೂರ್ತ ಹತ್ತಿರವೆಂದು ಒಂದೇ ರಾತ್ರಿಯಲ್ಲಿ ಕೆಲಸ ಮುಗಿಸುವುದು; ಬಚ್ಚಲಿನ ನೀರು ಹಾರುವೆಡೆಯಲ್ಲಿ ಸ್ವಿಚ್ಚು ಇಡುವುದು. ನಾಲ್ಕಕ್ಕೆ ನಾಲ್ಕೂ ಹೊಂದುತ್ತವೆ. ಮುನಿಗಳಿಗೆ ಹೇಳಿದ ಆದಾನನಿಕ್ಷೇಪಣ ಸಮಿತಿಯು ಈ ದೋಷಗಳಿಗೆ ಎದುರಾದ ನಡೆ. ಸುರಕ್ಷತಾ ನಿಯಮಾವಳಿಗಳು ಗೃಹಸ್ಥನ ಪಾಲಿಗೆ ಅಂತಹದೇ ಒಂದು ಸಮಿತಿಯೆಂದರೆ ಅತಿಶಯೋಕ್ತಿಯಾಗದು.

ಮನೆಯ ಒಳಗಿನ ಪ್ರಮಾದ ಮನೆಯವರಿಗೇ ಮುಳುವಾಗುವುದು ಒಂದು ಬಗೆ. ಕಾಣದ ಒಬ್ಬನಿಗೆ ಅದು ಮೃತ್ಯುವಾಗುವ ಬಗೆ ಇನ್ನೊಂದಿದೆ, ಅದನ್ನು ಬಲ್ಲವರು ಕಡಿಮೆ. ಬೀದಿಯಲ್ಲಿ ವಿದ್ಯುತ್ತು ಹೋಗಿದೆ. ಲೈನ್‌ಮನ್ ಉಪಕೇಂದ್ರದಿಂದ ಲೈನ್ ಕ್ಲಿಯರ್ ಪಡೆದು ಕಂಬ ಹತ್ತಿದ್ದಾನೆ. ಅಷ್ಟರಲ್ಲಿ ಒಂದು ಅಂಗಡಿಯವನು ತನ್ನ ಜನರೇಟರನ್ನು ಚಾಲೂ ಮಾಡುತ್ತಾನೆ. ಜನರೇಟರಿಗೂ ಬೀದಿಯ ಲೈನಿಗೂ ನಡುವೆ ಇರಬೇಕಾದ ಚೇಂಜ್‌ಓವರ್ ಸ್ವಿಚ್ಚನ್ನು ಕೆಲವು ಸಾವಿರ ರೂಪಾಯಿ ಉಳಿಸಲೆಂದು ಅವನು ಹಾಕಿಸಿಲ್ಲ. ವಿದ್ಯುತ್ತು ಮೀಟರಿನ ಮೂಲಕ ಹಿಂದಕ್ಕೆ ಹರಿದು ಬೀದಿಯ ಟ್ರಾನ್ಸ್‌ಫಾರ್ಮರನ್ನು ತಲಪುತ್ತದೆ. ಇಳಿಸುವ ಯಂತ್ರ ಈಗ ಏರಿಸುವ ಯಂತ್ರವಾಗುತ್ತದೆ. ಸತ್ತಿದೆಯೆಂದು ತಿಳಿದ 11 ಸಾವಿರ ವೋಲ್ಟಿನ ತಂತಿ ಕಂಬದ ಮೇಲಿನವನ ಕೈಯಲ್ಲಿ ಜೀವ ಪಡೆಯಬಹುದು. ಅಂಗಡಿಯವನಿಗೆ ಆ ಲೈನ್‌ಮನ್‌ನ ಮೇಲೆ ದ್ವೇಷವಿಲ್ಲ. ಅವನ ಮುಖವನ್ನೇ ಕಂಡಿಲ್ಲ. ಸಂಕಲ್ಪೀ ಹಿಂಸೆಯೆಂದು ಇದನ್ನು ಯಾರೂ ಹೇಳರು. ಆದರೂ ಇಲ್ಲಿ ಪ್ರಮಾದವಿದೆ, ಪ್ರಾಣಹರಣವೂ ಆದೀತು. ಈ ಅಪಾಯಕ್ಕಾಗಿಯೇ ಲೈನನ್ನು ಮುಟ್ಟುವ ಮೊದಲು ಅದನ್ನು ಭೂಮಿಗೆ ಜೋಡಿಸಬೇಕೆಂದು ನಿಯಮಾವಳಿ ವಿಧಿಸುತ್ತದೆ. ಕೆಲಸಗಾರನಿಗೆ ಕೈಗವಸು, ರಬ್ಬರ್ ಬೂಟು, ಸೊಂಟಪಟ್ಟಿ, ಹೆಲ್ಮೆಟ್, ಏಣಿ, ಲೈನ್ ಟೆಸ್ಟರುಗಳನ್ನು ಒದಗಿಸಬೇಕೆಂದೂ ಹೇಳುತ್ತದೆ. ಮಾಳಿಗೆಯ ಮೇಲೆ ಸೌರಫಲಕ ಹಾಕಿಸುವವರು ಹೆಚ್ಚುತ್ತಿರುವ ಈ ದಿನಗಳಲ್ಲಿ ಇದು ಅಂಗಡಿಯವರ ಪ್ರಶ್ನೆ ಮಾತ್ರವಾಗಿ ಉಳಿದಿಲ್ಲ. ಬೀದಿಯ ವಿದ್ಯುತ್ತು ಹೋದೊಡನೆ ತಾನೂ ಲೈನಿನಿಂದ ಬೇರ್ಪಡುವ ಗುಣ ಲೈನಿಗೆ ಜೋಡಿಸಿದ ಇನ್ವರ್ಟರಿಗೆ ಇರಲೇಬೇಕು.

2023ರ ನವೆಂಬರ್ 19ರ ಮುಂಜಾನೆ ಬೆಂಗಳೂರಿನ ಪೂರ್ವ ಭಾಗದ ಕಾಡುಗೋಡಿಯಲ್ಲಿ ನಡೆದುದನ್ನು ನಗರ ಮರೆತಿಲ್ಲ. ಊರಿನಿಂದ ಮರಳಿ ಬಂದು ಮನೆಯತ್ತ ನಡೆಯುತ್ತಿದ್ದ 23 ವರ್ಷದ ತಾಯಿ, ಪಾದಚಾರಿ ಮಾರ್ಗದಲ್ಲಿ ತುಂಡಾಗಿ ಬಿದ್ದಿದ್ದ ವಿದ್ಯುತ್ ತಂತಿಯನ್ನು ಕತ್ತಲಲ್ಲಿ ತುಳಿದರು. ಅವರೂ ಕೈಯಲ್ಲಿದ್ದ 9 ತಿಂಗಳ ಹಸುಗೂಸೂ ತೀರಿಕೊಂಡರು. ಬೆಸ್ಕಾಂ ಅಧಿಕಾರಿಗಳು ಅಮಾನತುಗೊಂಡರು, ಪೊಲೀಸರು ಮೊಕದ್ದಮೆ ದಾಖಲಿಸಿದರು.

ಇಂತಹ ಸಾವುಗಳಾದಾಗ ಸಮಾಜದಲ್ಲಿ ಒಂದು ಮಾತು ಹೊರಡುವುದುಂಟು: ಅವರ ಆಯುಸ್ಸು ಅಷ್ಟೇ ಇತ್ತು, ಕರ್ಮವನ್ನು ಯಾರು ತಪ್ಪಿಸುತ್ತಾರೆ? ಸಮಾಧಾನಕ್ಕೆ ಹೇಳಿದರೆ ದೋಷವಿಲ್ಲ. ಹೊಣೆಯನ್ನು ಜಾರಿಸಲು ಹೇಳಿದರೆ ಅದು ಜಿನಾಗಮಕ್ಕೆ ಸಮ್ಮತವಾದ ಮಾತಲ್ಲ. ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯ ಮುಗಿಯುವುದೇ ಈ ಪ್ರಶ್ನೆಯಿಂದ. ದೇವ ನಾರಕರು, ಚರಮೋತ್ತಮ ದೇಹದವರು, ಅಸಂಖ್ಯಾತ ವರ್ಷಗಳ ಆಯುಸ್ಸುಳ್ಳ ಭೋಗಭೂಮಿಯ ಜೀವರು ಇವರ ಆಯುಸ್ಸು ಮಾತ್ರ ಹೊರಗಿನ ಕಾರಣದಿಂದ ಕಡಿಮೆಯಾಗದು. ಉಳಿದವರ ಆಯುಸ್ಸು ವಿಷ, ಶಸ್ತ್ರ ಮುಂತಾದ ನಿಮಿತ್ತಗಳಿಂದ ನಡುವೆಯೇ ಕಡಿದುಹೋಗಬಹುದೆಂದು ವ್ಯಾಖ್ಯಾನಕಾರರು ಒಪ್ಪಿದ್ದಾರೆ. ಅಕಾಲಮರಣವಿದೆಯೆಂದು ಒಪ್ಪಿದ ಮೇಲೆ, ಅದಕ್ಕೆ ನಿಮಿತ್ತನಾದವನ ಹೊಣೆಯನ್ನೂ ಒಪ್ಪಬೇಕಾಗುತ್ತದೆ. ಮೃತನ ಕರ್ಮ ಮೃತನದು. ತಂತಿಯನ್ನು ಬಿಗಿಯದವನ ಕರ್ಮ ತಂತಿಯನ್ನು ಬಿಗಿಯದವನದು. ಒಂದರ ಲೆಕ್ಕದಿಂದ ಇನ್ನೊಂದರ ಲೆಕ್ಕ ಚುಕ್ತಾ ಆಗದು.

ಈ ವಿಷಯದಲ್ಲಿ ನ್ಯಾಯಾಲಯದ ದಾರಿಯೂ ಧರ್ಮದ ದಾರಿಯೂ ಒಂದೆಡೆ ಕವಲೊಡೆಯುತ್ತವೆ. ಮಧ್ಯಪ್ರದೇಶದಲ್ಲಿ ರಾತ್ರಿ ಸೈಕಲ್ಲಿನಲ್ಲಿ ಮನೆಗೆ ಮರಳುತ್ತಿದ್ದ ಒಬ್ಬ ಕೆಲಸಗಾರ ಬಿದ್ದಿದ್ದ ತಂತಿಯಿಂದ ಸತ್ತ ಪ್ರಕರಣದಲ್ಲಿ, ಯಾರೋ ಮೂರನೆಯವನು ಕಳ್ಳತನದಿಂದ ಎಳೆದ ತಂತಿ ಅದೆಂದು ಅಲ್ಲಿಯ ವಿದ್ಯುತ್ ಮಂಡಳಿ ವಾದಿಸಿತು. 2002ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. ಇಷ್ಟು ಅಪಾಯಕಾರಿಯಾದುದನ್ನು ಹರಿಸುವವನು, ತನ್ನ ನಿರ್ಲಕ್ಷ್ಯ ಇದ್ದರೂ ಇಲ್ಲದಿದ್ದರೂ, ಅದರಿಂದಾದ ಹಾನಿಗೆ ಬಾಧ್ಯನೆಂದಿತು. ಧರ್ಮವು ಪ್ರಮಾದವಿಲ್ಲದವನನ್ನು ಬಂಧದಿಂದ ಬಿಡುತ್ತದೆ, ನ್ಯಾಯಾಲಯವು ಪರಿಹಾರದ ವಿಷಯದಲ್ಲಿ ಅವನನ್ನೂ ಬಿಡಲಿಲ್ಲ. ಇವೆರಡರಲ್ಲಿ ವಿರೋಧವಿಲ್ಲ. ಒಂದು ಆತ್ಮದ ಲೆಕ್ಕ, ಇನ್ನೊಂದು ಅನಾಥವಾದ ಕುಟುಂಬದ ಅನ್ನದ ಲೆಕ್ಕ. ಇನ್ನು ನಿರ್ಲಕ್ಷ್ಯದಿಂದ ಸಾವುಂಟುಮಾಡಿದವನಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮು 5 ವರ್ಷಗಳವರೆಗಿನ ಸೆರೆವಾಸವನ್ನು ಹೇಳುತ್ತದೆ; ಹಿಂದಿನ ದಂಡಸಂಹಿತೆಯಲ್ಲಿ ಅದು 2 ವರ್ಷಗಳವರೆಗಿತ್ತು.

ದೇವಾಲಯಗಳ ಟ್ರಸ್ಟಿಗಳು ಈ ವಿಚಾರವನ್ನು ಗೃಹಸ್ಥರಿಗಿಂತ ಒಂದು ಪಟ್ಟು ಹೆಚ್ಚಾಗಿ ಚಿಂತಿಸಬೇಕು. ಮನೆಯ ಯಜಮಾನನ ಪ್ರಮಾದ ಹತ್ತು ಜನರನ್ನು ತಟ್ಟಿದರೆ ಟ್ರಸ್ಟಿನ ಪ್ರಮಾದ ಒಂದು ಜಾತ್ರೆಯನ್ನೇ ತಟ್ಟುತ್ತದೆ. 2022ರ ಏಪ್ರಿಲ್ 27ರ ನಸುಕಿನಲ್ಲಿ ತಮಿಳುನಾಡಿನ ತಂಜಾವೂರಿನ ಹತ್ತಿರ ಕಳಿಮೇಡು ಎಂಬಲ್ಲಿ ತೇರಿನ ಅಲಂಕಾರ ಮೇಲಿನ ಹೈಟೆನ್ಷನ್ ತಂತಿಗೆ ತಗುಲಿ 11 ಜನ ಮೃತರಾದರು. ಅವರಲ್ಲಿ ಮಕ್ಕಳೂ ಇದ್ದರು. ಕರ್ನಾಟಕದಲ್ಲಿಯೇ, ಶಂಖಬಸದಿಯ ಲಕ್ಷ್ಮೇಶ್ವರದ ತಾಲ್ಲೂಕಿಗೆ ಸೇರಿದ ಸೂರಣಗಿಯಲ್ಲಿ, 2024ರ ಜನವರಿಯಲ್ಲಿ ಚಿತ್ರನಟರೊಬ್ಬರ ಹುಟ್ಟುಹಬ್ಬಕ್ಕೆಂದು ಕಟೌಟ್ ನಿಲ್ಲಿಸಲು ಹೋದ ಮೂವರು ತರುಣರು ತಂತಿಗೆ ತಗುಲಿ ಸತ್ತರು. ಒಂದೆಡೆ ಭಕ್ತಿ, ಇನ್ನೊಂದೆಡೆ ಅಭಿಮಾನ. ಕಾರಣ ಒಂದೇ, ತಲೆಯೆತ್ತಿ ನೋಡದಿದ್ದುದು. ಕಟ್ಟಡದಿಂದ 11 ಕೆ.ವಿ. ಲೈನು ಪಕ್ಕದಲ್ಲಿ 1.2 ಮೀಟರ್, ಮೇಲ್ಭಾಗದಲ್ಲಿ 3.7 ಮೀಟರ್ ದೂರದಲ್ಲಿರಬೇಕೆಂಬುದು ದಶಕಗಳಿಂದ ಇರುವ ನಿಯಮ. ರಾಜರಾಜೇಶ್ವರಿನಗರದಂತಹ ಬಡಾವಣೆಗಳಲ್ಲಿ ಬಾಲ್ಕನಿಯನ್ನು ರಸ್ತೆಯತ್ತ ಒಂದು ಅಡಿ ಹೊರಚಾಚುವಾಗ ನುಂಗಿಹೋಗುವುದು ಈ 1.2 ಮೀಟರೇ.

ವಾರ್ಷಿಕ ಪೂಜೆ, ಪಂಚಕಲ್ಯಾಣ, ಪಲ್ಲಕ್ಕಿ ಉತ್ಸವಗಳಿಗೆ ದೀಪಾಲಂಕಾರದ ಗುತ್ತಿಗೆಯನ್ನು ಕೊಡುವಾಗ ಟ್ರಸ್ಟಿನ ಸಭೆಯಲ್ಲಿ ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಯಾರ ದರ ಕಡಿಮೆ? ದಾನಿಗಳ ಹಣವನ್ನು ಮಿತವಾಗಿ ಖರ್ಚು ಮಾಡುವುದು ಟ್ರಸ್ಟಿಗಳ ಕರ್ತವ್ಯವೇ ಹೌದು. ಅವರ ಪ್ರಾಮಾಣಿಕತೆಯನ್ನು ಶಂಕಿಸುವುದು ಅನ್ಯಾಯ. ಆದರೆ ದರ ಕಡಿಮೆಯಾದುದು ಯಾವ ಬಾಬಿನಲ್ಲಿ ಎಂಬುದನ್ನು ವ್ಯಾಪಾರ ಬಲ್ಲ ಟ್ರಸ್ಟಿಯು ಕೇಳದಿರುವುದು ಆಶ್ಚರ್ಯ. ಬಲ್ಬಿನ ಬೆಲೆ ಎಲ್ಲರಿಗೂ ಒಂದೇ, ಬಾಡಿಗೆ ಹೆಚ್ಚುಕಡಿಮೆ ಒಂದೇ. ಉಳಿಯುವುದು ತಂತಿಯ ದಪ್ಪ, ಭೂಸೋರಿಕೆ ಸ್ವಿಚ್ಚು, ಪರ್ಮಿಟ್ ಇರುವ ಆಳಿನ ಕೂಲಿ, ರಾತ್ರಿ ಪಾಳಿಗೆ ಇನ್ನೊಬ್ಬ. ಕಡಿತವಾಗುವುದು ಅಲ್ಲಿಯೇ. ಮಳೆ ಬಂದ ರಾತ್ರಿ ಕಬ್ಬಿಣದ ಕಂಬಕ್ಕೆ ಸುತ್ತಿದ ಸಿಪ್ಪೆಹರಿದ ತಂತಿಯ ಹತ್ತಿರ ಮಗುವೊಂದು ಪ್ರಸಾದದ ದೊನ್ನೆ ಹಿಡಿದು ನಿಂತಾಗ, ಉಳಿತಾಯವಾದ ಮೊತ್ತ ಯಾವ ಖಾತೆಗೆ ಜಮೆಯಾಗಿತ್ತೆಂಬ ಪ್ರಶ್ನೆ ಬರುತ್ತದೆ.

ವಿದ್ಯುತ್ ಸಾಮಗ್ರಿಗಳ ವ್ಯಾಪಾರದಲ್ಲಿ ಜೈನರು ಅನೇಕರಿದ್ದಾರೆ. ಚಿಕ್ಕಪೇಟೆ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆಗಳ ಗಿರಾಕಿಗಳಿಗೆ ಅದು ಗೊತ್ತು. ವೈರು, ಕೇಬಲ್ಲುಗಳಿಗೆ ಐಎಸ್‌ಐ ಗುರುತನ್ನು ಕಡ್ಡಾಯ ಮಾಡಿದ ಗುಣಮಟ್ಟ ನಿಯಂತ್ರಣ ಆದೇಶ 2003ರಲ್ಲಿ ಬಂತು. ತಾಮ್ರ ಕಡಿಮೆಯಿರುವ, ಗುರುತನ್ನು ಮಾತ್ರ ಅಚ್ಚೊತ್ತಿದ ಸುರುಳಿಗಳು ಆಮೇಲೂ ಮಾರುಕಟ್ಟೆಯಿಂದ ಪೂರ್ತಿಯಾಗಿ ಮರೆಯಾಗಲಿಲ್ಲ. ಅಸಲಿನಂತೆ ತೋರುವ ನಕಲಿಯನ್ನು ಮಾರುವುದಕ್ಕೆ ಪ್ರತಿರೂಪಕ ವ್ಯವಹಾರವೆಂದು ಹೆಸರು. ಅದೂ ಅಚೌರ್ಯವ್ರತದ ಅತಿಚಾರಗಳಲ್ಲಿ ಒಂದು. ಹಾಲಿಗೆ ನೀರು ಬೆರೆಸಿದರೆ ಕೊಂಡವನಿಗೆ ನಷ್ಟ. ತಾಮ್ರಕ್ಕೆ ಕಡಿತ ಮಾಡಿದರೆ ತಂತಿ ಬಿಸಿಯೇರಿ, ಮಲಗಿದ ಮನೆಗೆ ಬೆಂಕಿ ಬೀಳುತ್ತದೆ. ಅಚೌರ್ಯದ ಅತಿಚಾರವೊಂದು ಅಹಿಂಸೆಯ ಭಂಗವಾಗಿ ಬೆಳೆಯುವುದಕ್ಕೆ ಇದಕ್ಕಿಂತ ಒಳ್ಳೆಯ, ಅಥವಾ ಕೆಟ್ಟ, ನಿದರ್ಶನ ಸಿಗಲಾರದು.

ಕೆಲಸಗಾರನಿಗೂ ಕರ್ತವ್ಯವಿದೆ. ಬೆರಳ ತುದಿಯಿಂದ ತಂತಿಯನ್ನು ಮುಟ್ಟಿ ಕರೆಂಟು ಇದೆಯೋ ಇಲ್ಲವೋ ನೋಡುವುದನ್ನು ಕೆಲವರು ಗಂಡಸುತನವೆಂದು ತಿಳಿಯುತ್ತಾರೆ. ಮೇನ್ ಸ್ವಿಚ್ಚನ್ನು ಆರಿಸಲು ಕೆಳಗಿಳಿಯಬೇಕೆಂಬ ಸೋಮಾರಿತನವೂ ಉಂಟು. ಪ್ರಮಾದದ 15 ಭೇದಗಳಲ್ಲಿ ನಿದ್ರೆ ಒಂದು, ಮಾನವೂ ಒಂದು. ತನ್ನ ಪ್ರಾಣದ ವಿಷಯದಲ್ಲಿ ಎಚ್ಚರಗೆಡುವುದೂ ಹಿಂಸೆಯೇ. ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಬೇಕು. ಕೈಗವಸನ್ನೇ ಕೊಡದವನು ಕೈಗವಸು ಹಾಕಿಕೊಳ್ಳಲಿಲ್ಲವೆಂದು ದೂರಬಾರದು. ಹದಿನಾರು ಗಂಟೆ ದುಡಿಸಿದವನು, ತೂಕಡಿಸಿದನೆಂದು ದೂರಬಾರದು. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣ, ಅನ್ನಪಾನನಿರೋಧಗಳಿವೆ. ಎತ್ತು ಕುದುರೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ ಈ ದೋಷಗಳನ್ನು, ಊಟಕ್ಕೆ ಬಿಡುವು ಕೊಡದೆ ಏಣಿಯ ಮೇಲೆ ನಿಲ್ಲಿಸಿದ ಆಳಿಗೆ ಅನ್ವಯಿಸಲು ವ್ಯಾಖ್ಯಾನಕಾರರ ಅಪ್ಪಣೆ ಬೇಕಾಗಿಲ್ಲ. ಪರ್ಮಿಟ್ ಇಲ್ಲದ ಹುಡುಗನಿಗೆ ಬೇಡವೆನ್ನುವ ಶಕ್ತಿಯೂ ಇರುವುದಿಲ್ಲ. ಬೇಡವೆಂದರೆ ನಾಳೆ ಕೆಲಸವಿಲ್ಲ. ಆದ್ದರಿಂದ ಹೊಣೆಯ ಭಾರ ಮೇಲಕ್ಕೆ ಹೋದಷ್ಟೂ ಹೆಚ್ಚುತ್ತದೆ.

ವಿದ್ಯುತ್ತು ಸಚಿತ್ತವೋ ಅಚಿತ್ತವೋ, ದೀಪವನ್ನು ಹೊತ್ತಿಸಿದಾಗ ತೇಜಸ್ಕಾಯಿಕ ಜೀವಗಳ ಹಿಂಸೆಯಾಗುತ್ತದೆಯೋ ಇಲ್ಲವೋ ಎಂಬ ಚರ್ಚೆ ಸಂಪ್ರದಾಯಗಳಲ್ಲಿ ಬಹುಕಾಲದಿಂದ ನಡೆದಿದೆ. ಧ್ವನಿವರ್ಧಕವನ್ನು ಬಳಸದ ಮುನಿಗಳೂ ಇದ್ದಾರೆ, ಬಳಸಬಹುದೆಂದವರೂ ಇದ್ದಾರೆ. ಆ ಚರ್ಚೆ ಗಂಭೀರವಾದುದು, ಅದನ್ನು ಲಘುವಾಗಿ ಕಾಣುವುದು ತರವಲ್ಲ. ಏಕೇಂದ್ರಿಯ ಜೀವದ ವಿಷಯದಲ್ಲಿ ಇಷ್ಟು ಸಂವೇದನೆಯುಳ್ಳ ಸಮಾಜಕ್ಕೆ, ಅದೇ ದೀಪವನ್ನು ಕಟ್ಟಲು ಕಂಬ ಹತ್ತಿದ ಪಂಚೇಂದ್ರಿಯ ಜೀವವನ್ನು ಕುರಿತ ನಿಯಮಗಳು ಸರ್ಕಾರದ ಕಾಟವೆಂದು ತೋರಬಾರದು.

ಪರ್ಯುಷಣ ಅಥವಾ ದಶಲಕ್ಷಣ ಪರ್ವಕ್ಕೆ ಬಸದಿಯನ್ನು ಸುಣ್ಣಬಣ್ಣಗಳಿಂದ ಸಿದ್ಧಪಡಿಸುವಾಗ ಟ್ರಸ್ಟು ಕೆಲವು ಕೆಲಸಗಳನ್ನು ತಪ್ಪದೆ ಮಾಡಬಹುದು. ಗುತ್ತಿಗೆದಾರನ ಪರವಾನಗಿಯನ್ನೂ ಕೆಲಸಗಾರನ ಪರ್ಮಿಟ್ಟನ್ನೂ ನೋಡಿ, ಅವುಗಳ ಸಂಖ್ಯೆಯನ್ನು ಗೊತ್ತುವಳಿ ಪುಸ್ತಕದಲ್ಲಿ ಬರೆದಿಡುವುದು. ಬೇಸಗೆಯಲ್ಲಿ ಅರ್ತ್ ಗುಂಡಿ ಒಣಗದಂತೆ ನೀರು ಹಾಕಿಸುವುದು. ಮೆರವಣಿಗೆಯ ದಾರಿಯಲ್ಲಿ ಪಲ್ಲಕ್ಕಿಯ ಎತ್ತರವನ್ನು ಅಳೆದು, ಅಗತ್ಯವಿದ್ದರೆ ಲೈನನ್ನು ಬಂದ್ ಮಾಡಿಸಲು ಬೆಸ್ಕಾಂಗೆ ಮುಂಚೆಯೇ ಪತ್ರ ಬರೆಯುವುದು. ಬಿದ್ದ ತಂತಿಯನ್ನು ಕಂಡರೆ ಜನರನ್ನು ದೂರ ನಿಲ್ಲಿಸಿ 1912ಕ್ಕೆ ಕರೆ ಮಾಡಬೇಕೆಂದು ಸ್ವಯಂಸೇವಕರಿಗೆ ತಿಳಿಸುವುದು. ಭೂಸೋರಿಕೆ ಸ್ವಿಚ್ಚಿನ ಮೇಲೆ ಆಂಗ್ಲದ ಟಿ ಅಕ್ಷರ ಬರೆದ ಒಂದು ಪುಟ್ಟ ಗುಂಡಿ ಇರುತ್ತದೆ. ಅದನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಒತ್ತಿದೊಡನೆ ಸ್ವಿಚ್ಚು ಕಡಿದುಕೊಂಡು ಬಸದಿ ಕತ್ತಲಾದರೆ ಎಲ್ಲವೂ ಸರಿಯಿದೆಯೆಂದು ಅರ್ಥ. ದೀಪಗಳು ಹಾಗೆಯೇ ಉರಿಯುತ್ತಿದ್ದರೆ, ಅಂದೇ ಪರ್ಮಿಟ್ ಉಳ್ಳವನನ್ನು ಕರೆಸಬೇಕು.